ರಸೀದಿ ಕೊಟ್ಟ ಮೇಲೆ ಮುಂದೇನು? ಕಾಲೇಜು ಮತ್ತು ಸಂಘ-ಸಂಸ್ಥೆಗಳ ನಿಧಿಸಂಗ್ರಹದ ಬಗ್ಗೆ ಒಂದು ಚರ್ಚೆ

ಕಾರ್ಯದರ್ಶಿ, ಹಳೆಯ ವಿದ್ಯಾರ್ಥಿಗಳ ಸಂಘ, ತುಮಕೂರು ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಮ್ಮದು ತಾಲ್ಲೂಕು ಕೇಂದ್ರದಲ್ಲಿರುವ ಒಂದು ಅನುದಾನಿತ ಪದವಿ ಕಾಲೇಜು. ಐವತ್ತು ವರ್ಷಗಳ ಹಿಂದೆ ಸುತ್ತಮುತ್ತಲಿನ ತೆಂಗು, ಅಡಿಕೆ ಬೆಳೆಗಾರರೂ ಪೇಟೆಯ ವರ್ತಕರೂ ಸೇರಿ ಕಟ್ಟಿದ ಸಂಸ್ಥೆ. ನಾನು ಅಲ್ಲಿಯೇ ಓದಿ, ಅಲ್ಲಿಯೇ ಮೂವತ್ತೊಂದು ವರ್ಷ ಅರ್ಥಶಾಸ್ತ್ರ ಪಾಠ ಹೇಳಿ ನಿವೃತ್ತನಾದವನು. ಈಗ ಹಳೆಯ ವಿದ್ಯಾರ್ಥಿಗಳ ಸಂಘದ ಜವಾಬ್ದಾರಿ ನನ್ನ ಮೇಲಿದೆ.

ಹಳ್ಳಿಗಳಿಂದ ಬರುವ ಹೆಣ್ಣುಮಕ್ಕಳಿಗೆ ಒಂದು ವಿದ್ಯಾರ್ಥಿನಿಲಯ ಕಟ್ಟಿಸಬೇಕು, ಅದರ ಜೊತೆಗೆ ವಿದ್ಯಾರ್ಥಿವೇತನಕ್ಕೆ ಒಂದು ಶಾಶ್ವತ ನಿಧಿ ಮಾಡಬೇಕು ಎಂಬುದು ನಮ್ಮ ಇಚ್ಛೆ. ಕಳೆದ ವರ್ಷ ಸುವರ್ಣ ಮಹೋತ್ಸವದ ಹೊತ್ತಿನಲ್ಲಿ ಎಲ್ಲ ಬ್ಯಾಚುಗಳ ವಾಟ್ಸ್ಆ್ಯಪ್ ಗುಂಪುಗಳಿಗೂ ಒಂದು ಮನವಿಯನ್ನೂ ಅದರ ಕೆಳಗೆ ಕ್ಯೂಆರ್ ಕೋಡನ್ನೂ ಕಳುಹಿಸಿದೆವು. ಸುಮಾರು ಒಂದು ಸಾವಿರದ ಎಂಟುನೂರು ಜನರಿಗೆ ಅದು ತಲುಪಿತು. ಹಣ ಕೊಟ್ಟವರು ಅರವತ್ತೊಂದು ಮಂದಿ. ಒಟ್ಟು ಮೊತ್ತ ಎರಡು ಲಕ್ಷ ಮೂವತ್ತು ಸಾವಿರ. ಮೂರು ಸಲ ನೆನಪಿಸಿದೆವು. ಮೂರನೆಯ ಸಲಕ್ಕೆ ಕೆಲವರು ಗುಂಪಿನಿಂದಲೇ ಹೊರಗೆ ಹೋದರು.

ಇದೇ ಸಮಯದಲ್ಲಿ ಕಚೇರಿಯ ಹಳೆಯ ಗಾದ್ರೇಜ್ ಬೀರು ತೆಗೆದಾಗ ಕಾಲೇಜು ಪ್ರಾರಂಭವಾದ ವರ್ಷದ ರಸೀದಿ ಪುಸ್ತಕಗಳು ಸಿಕ್ಕವು. ನೀಲಿ ಶಾಯಿಯಲ್ಲಿ ಬರೆದ ಕೌಂಟರ್‌ಫಾಯಿಲುಗಳು. ಒಂದರಲ್ಲಿ "ರಾಗಿ ಒಂದು ಚೀಲ", ಮತ್ತೊಂದರಲ್ಲಿ "ತೆಂಗಿನಕಾಯಿ ಇನ್ನೂರು", ಇನ್ನೊಂದರಲ್ಲಿ "ಗಾಡಿ ಬಾಡಿಗೆ ಬಿಟ್ಟಿದ್ದು, ಹನ್ನೊಂದು ರೂಪಾಯಿ" ಎಂದಿದೆ. ಹತ್ತಿರ ಹತ್ತಿರ ಒಂಬತ್ತುನೂರು ಮನೆಗಳು ಆಗ ಏನಾದರೊಂದು ಕೊಟ್ಟಿವೆ. ಅಂದು ಫೋನೂ ಇರದ ಊರಿನಲ್ಲಿ ಒಂಬತ್ತುನೂರು ಮನೆಗಳವರು ಕೊಟ್ಟರು, ಇಂದು ಎಲ್ಲರ ಕೈಗೂ ಸಂದೇಶ ತಲುಪಿಸಬಲ್ಲ ನಮಗೆ ಅರವತ್ತೊಂದು ಜನ ಮಾತ್ರ ಸಿಕ್ಕಿದ್ದಾರೆ. ದೊಡ್ಡ ವಿಶ್ವವಿದ್ಯಾಲಯಗಳೂ ಸೇವಾಸಂಸ್ಥೆಗಳೂ ಈ ಕೆಲಸವನ್ನು ಈಗ ಹೇಗೆ ಮಾಡುತ್ತವೆ, ಅದರಲ್ಲಿ ನಮ್ಮಂಥ ಸಣ್ಣ ಕಾಲೇಜಿಗೆ ಒಗ್ಗುವುದು ಯಾವುದು ಎಂದು ಬಲ್ಲವರು ತಿಳಿಸಬೇಕೆಂದು ಕೋರುತ್ತೇನೆ.

ನಿಧಿಸಂಗ್ರಹಣಾಧಿಕಾರಿ, ಬೆಂಗಳೂರು

ಮೇಷ್ಟ್ರೇ, ನಾನು ಹದಿನಾಲ್ಕು ವರ್ಷಗಳಿಂದ ಈ ಕೆಲಸದಲ್ಲಿದ್ದೇನೆ. ಮೊದಲು ಒಂದು ಮಕ್ಕಳ ಸಂಸ್ಥೆಯಲ್ಲಿ, ಈಗ ಒಂದು ಶಿಕ್ಷಣ ಸಂಸ್ಥೆಯಲ್ಲಿ. ನಿಮ್ಮ ಪ್ರಶ್ನೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಕೊಡದೆ ಉಳಿದವರ ಸಂಖ್ಯೆಯಲ್ಲ, ಕೊಟ್ಟ ಅರವತ್ತೊಂದು ಜನ. ಹಣ ಬಂದ ಮೇಲೆ ಆ ಅರವತ್ತೊಂದು ಜನರೊಡನೆ ನಿಮ್ಮ ಸಂಘ ಏನು ಮಾತನಾಡಿತು ಎಂಬುದನ್ನು ನೀವು ಬರೆದಿಲ್ಲ. ಬರೆಯುವುದಕ್ಕೆ ಏನೂ ಇರಲಿಲ್ಲವೇನೋ ಎಂದು ನನ್ನ ಊಹೆ. ತಪ್ಪಾಗಿದ್ದರೆ ಕ್ಷಮಿಸಿ.

ಪತ್ರಿಕೆಗಳಲ್ಲಿ ನಾವು ಓದುವುದು ದೊಡ್ಡ ಮೊತ್ತಗಳನ್ನು. 2022ರಲ್ಲಿ ಐಟಿ ಉದ್ಯಮಿಗಳಾದ ಬಾಗ್ಚಿ ಮತ್ತು ಪಾರ್ಥಸಾರಥಿ ದಂಪತಿಗಳು ಭಾರತೀಯ ವಿಜ್ಞಾನ ಸಂಸ್ಥೆಗೆ ಆಸ್ಪತ್ರೆ ಮತ್ತು ವೈದ್ಯಕೀಯ ಶಾಲೆಗೆಂದು 425 ಕೋಟಿ ರೂಪಾಯಿ ಕೊಟ್ಟರು. 2023ರಲ್ಲಿ ನಂದನ್ ನಿಲೇಕಣಿ ಅವರು ಐಐಟಿ ಬಾಂಬೆಗೆ 315 ಕೋಟಿ ಕೊಟ್ಟರು. ಇವನ್ನು ಓದಿದಾಗ ಯಾರೋ ಒಬ್ಬ ಶ್ರೀಮಂತ ಹಳೆಯ ವಿದ್ಯಾರ್ಥಿಯನ್ನು ಹಿಡಿದರೆ ಆಯಿತು ಎಂದು ಆಡಳಿತ ಮಂಡಳಿಗಳಿಗೆ ಅನ್ನಿಸುವುದು ಸಹಜ. ಆದರೆ ನಿಲೇಕಣಿ ಅವರು ಆ ಸಂಸ್ಥೆಯನ್ನು ಸೇರಿದ್ದು 1973ರಲ್ಲಿ, ಆ ದೇಣಿಗೆ ಬಂದದ್ದು ಸೇರಿದ ಐವತ್ತನೆಯ ವರ್ಷಕ್ಕೆ, ಮತ್ತು ಅದಕ್ಕೂ ಮೊದಲೇ ಅವರು ಹಂತಹಂತವಾಗಿ 85 ಕೋಟಿ ಕೊಟ್ಟಿದ್ದರು. ಮೊದಲ ದೇಣಿಗೆಗೂ ಕೊನೆಯ ದೇಣಿಗೆಗೂ ನಡುವೆ ಸಂಸ್ಥೆ ಅವರೊಡನೆ ಮಾತು ಬಿಡಲಿಲ್ಲ ಎಂಬುದೇ ಅಲ್ಲಿ ಕಲಿಯಬೇಕಾದ ವಿಷಯ.

ನಿಮಗೆ ಹತ್ತಿರದ ಉದಾಹರಣೆ ಅದೇ ಐಐಟಿಯ ಇನ್ನೊಂದು ಪದ್ಧತಿ. ಅಲ್ಲಿ ಪದವಿ ಪಡೆದು ಇಪ್ಪತ್ತೈದು ವರ್ಷ ತುಂಬಿದ ಬ್ಯಾಚು ಕ್ಯಾಂಪಸ್ಸಿನಲ್ಲಿ ಸೇರಿ, ಒಟ್ಟಾಗಿ ಒಂದು ದೇಣಿಗೆ ಕೊಡುವ ವಾಡಿಕೆಯಿದೆ. 1998ರ ಬ್ಯಾಚಿನ ಇನ್ನೂರಕ್ಕೂ ಹೆಚ್ಚು ಜನ ಸೇರಿ 2023ರಲ್ಲಿ 57 ಕೋಟಿ ರೂಪಾಯಿಗಳ ವಾಗ್ದಾನ ಮಾಡಿದರು. ಮೊತ್ತವನ್ನು ಬದಿಗಿಡಿ. ಅಲ್ಲಿ ಕೇಳಿದವರು ಸಂಸ್ಥೆಯ ಅಧಿಕಾರಿಗಳಲ್ಲ, ಒಂದೇ ಹಾಸ್ಟೆಲಿನಲ್ಲಿ ಉಂಡು ಮಲಗಿದ ಸಹಪಾಠಿಗಳು. ಸಾವಿರದ ಎಂಟುನೂರು ಜನರಿಗೆ ಒಂದೇ ಸಂದೇಶ ಕಳುಹಿಸಿದರೆ ಅದು ಯಾರಿಗೂ ಬರೆದ ಪತ್ರವಾಗುವುದಿಲ್ಲ. ಪ್ರತಿ ಬ್ಯಾಚಿನಲ್ಲಿ ಎಲ್ಲರೂ ಮೆಚ್ಚುವ ಒಬ್ಬರು, ಇಬ್ಬರು ಇದ್ದೇ ಇರುತ್ತಾರೆ. ಅವರನ್ನು ಹುಡುಕಿ, ಮೊದಲು ಅವರಿಂದ ಕೊಡಿಸಿ, ಅವರು ತಮ್ಮ ಇಪ್ಪತ್ತು ಜನ ಗೆಳೆಯರಿಗೆ ತಾವೇ ಫೋನು ಮಾಡಲಿ.

ಇನ್ನೊಂದು ವಿಷಯ. 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಮ್ಮ ಕ್ಷೇತ್ರದವರು ಇಂದಿಗೂ ನೆನೆಯುತ್ತಾರೆ. ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಹಳೆಯ ವಿದ್ಯಾರ್ಥಿಗಳಿಗೆ ಫೋನು ಮಾಡಿ ದೇಣಿಗೆ ಕೇಳುವ ಸಿಬ್ಬಂದಿಯ ಒಂದು ಗುಂಪಿಗೆ, ಆ ಹಣದಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯನ್ನು ಕೆಲವೇ ನಿಮಿಷ ಭೇಟಿ ಮಾಡಿಸಿದರು. ಆಡಂ ಗ್ರಾಂಟ್ ಎಂಬ ಸಂಶೋಧಕರು ಮತ್ತು ಅವರ ಸಂಗಡಿಗರು ಒಂದು ತಿಂಗಳ ನಂತರ ಲೆಕ್ಕ ನೋಡಿದಾಗ, ಆ ಗುಂಪಿನವರು ತರುತ್ತಿದ್ದ ಹಣ ಮೊದಲಿನ ಎರಡೂವರೆ ಪಟ್ಟನ್ನು ಮೀರಿತ್ತು. ಕೇಳುವವರ ಮಾತಿನಲ್ಲಿಯೇ ವ್ಯತ್ಯಾಸ ಬಂದಿತ್ತು, ಏಕೆಂದರೆ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ಅವರಿಗೆ ಕಣ್ಣಾರೆ ಗೊತ್ತಾಗಿತ್ತು.

ಆದ್ದರಿಂದ ಈ ವಾರ ಹೊಸ ಮನವಿ ಬೇಡ. ಅರವತ್ತೊಂದು ಜನರಿಗೂ ನೀವೇ ಫೋನು ಮಾಡಿ. ಏನನ್ನೂ ಕೇಳಬೇಡಿ. ಕೊಟ್ಟದ್ದಕ್ಕೆ ವಂದಿಸಿ, ಯಾವ ವರ್ಷ ಓದಿದಿರಿ, ಈಗ ಎಲ್ಲಿದ್ದೀರಿ, ಏಕೆ ಕೊಡಬೇಕೆನ್ನಿಸಿತು ಎಂದು ವಿಚಾರಿಸಿ, ಅವರು ಹೇಳಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ದಾನಿಗಳ ಮಾಹಿತಿಯನ್ನು ಇಡುವ ದುಬಾರಿ ಸಾಫ್ಟ್‌ವೇರುಗಳು ಮಾಡುವುದೂ ಮೂಲದಲ್ಲಿ ಇದನ್ನೇ.

ಲೆಕ್ಕಪರಿಶೋಧಕ, ಹುಬ್ಬಳ್ಳಿ

ಕ್ಯೂಆರ್ ಕೋಡಿನ ವಿಷಯ ಓದಿ ಬರೆಯುತ್ತಿದ್ದೇನೆ. ಯುಪಿಐ ಮೂಲಕ ಬಂದ ಹಣಕ್ಕೆ ನಿಮ್ಮ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಹಲವು ಸಲ ಕಾಣುವುದು ಒಂದು ಐಡಿ ಮತ್ತು ಒಂದು ಉದ್ದನೆಯ ಸಂಖ್ಯೆ ಮಾತ್ರ. ಕೊಟ್ಟವರ ಹೆಸರು, ವಿಳಾಸಗಳ ದಾಖಲೆ ಇಲ್ಲದ ದೇಣಿಗೆಯನ್ನು ಆದಾಯ ತೆರಿಗೆ ಕಾನೂನು ಅನಾಮಧೇಯ ದೇಣಿಗೆ ಎಂದು ಕರೆಯುತ್ತದೆ. ಒಂದು ವರ್ಷದಲ್ಲಿ ಇಂಥ ಮೊತ್ತ, ಒಟ್ಟು ದೇಣಿಗೆಯ ಶೇ. 5 ಅಥವಾ ಒಂದು ಲಕ್ಷ ರೂಪಾಯಿ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನು ದಾಟಿದರೆ, ದಾಟಿದ ಭಾಗಕ್ಕೆ ಶೇ. 30 ತೆರಿಗೆ ಬೀಳುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಎಂದು ಗುಪ್ತದಾನವನ್ನು ಮೆಚ್ಚುವ ನಮ್ಮ ಜನರಿಗೆ ಇದನ್ನು ಬಿಡಿಸಿ ಹೇಳಬೇಕು: ಹೊರಗೆ ಹೆಸರು ಹಾಕುವುದಿಲ್ಲ, ಆದರೆ ನಮ್ಮ ಪುಸ್ತಕದಲ್ಲಿ ಬರೆದುಕೊಳ್ಳಲೇಬೇಕು ಎಂದು. ಕ್ಯೂಆರ್ ಕೋಡ್ ಬಳಸುವುದಾದರೆ ಅದರ ಪಕ್ಕದಲ್ಲಿಯೇ ಹೆಸರು, ವಿಳಾಸ, ಪ್ಯಾನ್ ತುಂಬುವ ಒಂದು ಸಣ್ಣ ಅರ್ಜಿಯೂ ಇರಲಿ.

ದಾನಿಗೆ ತೆರಿಗೆ ವಿನಾಯಿತಿ ಕೊಡಿಸುವ 80ಜಿ ಮಾನ್ಯತೆ ಇರುವ ಸಂಸ್ಥೆ 2021-22ನೇ ಸಾಲಿನಿಂದ ಪ್ರತಿ ದಾನಿಯ ವಿವರವನ್ನೂ 10ಬಿಡಿ ನಮೂನೆಯಲ್ಲಿ ಮೇ 31ರೊಳಗೆ ಇಲಾಖೆಗೆ ಸಲ್ಲಿಸಿ, ಅಲ್ಲಿಂದ ಬರುವ 10ಬಿಇ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕೆಂಬ ನಿಯಮ ಬಂದಿತು. ತಡವಾದರೆ ದಿನಕ್ಕೆ 200 ರೂಪಾಯಿ ಶುಲ್ಕ. ನೀವು ಕೈಬರಹದಲ್ಲಿ ಕೊಟ್ಟ ರಸೀದಿಯೊಂದರಿಂದಲೇ ದಾನಿಗೆ ವಿನಾಯಿತಿ ಸಿಗುವ ಕಾಲ ಅಲ್ಲಿಗೆ ಮುಗಿಯಿತು. ನಗದಾಗಿ 2,000 ರೂಪಾಯಿ ಮೀರಿ ಕೊಟ್ಟರೂ ವಿನಾಯಿತಿ ಇಲ್ಲ. ಇಷ್ಟಾಗಿಯೂ, ಹೊಸ ತೆರಿಗೆ ಪದ್ಧತಿಯನ್ನು ಆರಿಸಿಕೊಂಡ ಸಂಬಳದಾರರಿಗೆ 80ಜಿ ವಿನಾಯಿತಿಯೇ ಅನ್ವಯಿಸುವುದಿಲ್ಲ. "ತೆರಿಗೆ ಉಳಿಸಿ, ದಾನ ಮಾಡಿ" ಎಂದು ಮಾರ್ಚ್ ತಿಂಗಳಲ್ಲಿ ಕಳುಹಿಸುವ ಮನವಿಗಳು ಬಹಳ ಜನರಿಗೆ ಈಗ ಅರ್ಥವನ್ನೇ ಕಳೆದುಕೊಂಡಿವೆ. ತೆರಿಗೆ ಉಳಿಯುವುದೆಂದು ಕೊಡುತ್ತಿದ್ದವರು ನಿಲ್ಲಿಸಿದಾಗ, ಕಾಲೇಜಿನ ಮೇಲಿನ ಅಭಿಮಾನದಿಂದ ಕೊಡುವವರನ್ನೇ ನಂಬಿ ನಡೆಯಬೇಕಾಗುತ್ತದೆ. ಹಿಂದಿನ ಉತ್ತರದಲ್ಲಿ ಮೇಡಂ ಹೇಳಿದ್ದು ಲೆಕ್ಕದ ದೃಷ್ಟಿಯಿಂದಲೂ ಸರಿ ಎಂದು ನನಗೆ ಅನ್ನಿಸುವುದು ಇದೇ ಕಾರಣಕ್ಕೆ.

ಶಾಶ್ವತ ನಿಧಿಗೆಂದು ಕೊಡುವವರಿಂದ "ಇದು ಮೂಲಧನಕ್ಕೆ" ಎಂದು ಲಿಖಿತವಾಗಿಯೇ ಪಡೆಯಿರಿ. ಬಾಯಿಮಾತು ಸಾಲದು. ಹಾಗೆಯೇ ಕಂಪನಿಗಳ ಸಿಎಸ್ಆರ್ (ಸಾಮಾಜಿಕ ಹೊಣೆಗಾರಿಕೆಯ) ಹಣವನ್ನು ಮೂಲಧನಕ್ಕೆ ಸೇರಿಸುವಂತಿಲ್ಲ. 2021ರ ಜನವರಿಯ ತಿದ್ದುಪಡಿಯ ನಂತರ ಅದು ಸಿಎಸ್ಆರ್ ಖರ್ಚು ಎನ್ನಿಸಿಕೊಳ್ಳುವುದಿಲ್ಲ. ವಿದ್ಯಾರ್ಥಿನಿಲಯದ ಕಟ್ಟಡಕ್ಕೆ ಕೇಳಬಹುದು, ಶಾಶ್ವತ ನಿಧಿಗೆ ಕೇಳಲಾಗದು.

ಒಬ್ಬ ದಾನಿ, ಶಿವಮೊಗ್ಗ

ನಾನು ಕೊಟ್ಟವಳು, ಆಮೇಲೆ ಕೊಡುವುದನ್ನು ನಿಲ್ಲಿಸಿದವಳು. ನಿಲ್ಲಿಸಿದ್ದೇಕೆ ಎಂದು ಹೇಳಿದರೆ ಕಾರ್ಯದರ್ಶಿಗಳಿಗೆ ಉಪಯೋಗವಾದೀತು ಎಂದು ಬರೆಯುತ್ತಿದ್ದೇನೆ.

2009ರಲ್ಲಿ ನಮ್ಮ ಅಮ್ಮ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ಒಂದು ಸಂಸ್ಥೆಯಲ್ಲಿ ಐವತ್ತು ಸಾವಿರ ರೂಪಾಯಿಗಳ ದತ್ತಿ ಇಟ್ಟೆವು. ಅಮ್ಮ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟವರು. ಆ ಕೊರಗು ಅವರಿಗೆ ಕಡೆಯವರೆಗೂ ಇತ್ತು. ಕನ್ನಡದಲ್ಲಿ ಹೆಚ್ಚು ಅಂಕ ತೆಗೆದ ಹುಡುಗಿಗೆ ಪ್ರತಿವರ್ಷ ಬಡ್ಡಿಯನ್ನು ಕೊಡಬೇಕು ಎಂಬುದು ಷರತ್ತು. ಮೊದಲ ಎರಡು ವರ್ಷ ಒಂದು ಪತ್ರ ಬಂದಿತು. ಎರಡನೆಯ ವರ್ಷದ ಹುಡುಗಿ ಭದ್ರಾವತಿ ಕಡೆಯವಳು, ಅವಳ ಹೆಸರನ್ನು ನಾನು ಇಂದಿಗೂ ಮರೆತಿಲ್ಲ. ಮೂರನೆಯ ವರ್ಷದಿಂದ ಪತ್ರವಿಲ್ಲ. ಎರಡು ಸಲ ಬರೆದು ಕೇಳಿದೆ, ಉತ್ತರವಿಲ್ಲ. ಹತ್ತು ವರ್ಷಗಳ ನಂತರ ಅಲ್ಲಿಂದ ಫೋನು ಬಂದಾಗ ಅಮ್ಮನ ದತ್ತಿಯ ವಿಷಯವಿರಬಹುದೆಂದು ಆಸೆಯಿಂದ ಎತ್ತಿಕೊಂಡೆ. ಅವರು ಕೇಳಿದ್ದು ರಜತ ಮಹೋತ್ಸವದ ಸಭಾಂಗಣಕ್ಕೆ ದೇಣಿಗೆ. ನಾನು ಹಿಂದೆ ಏನಾದರೂ ಕೊಟ್ಟಿದ್ದೇನೆ ಎಂಬುದೇ ಆ ಕಡೆಯವರಿಗೆ ಗೊತ್ತಿರಲಿಲ್ಲ.

ಹಣ ದುರುಪಯೋಗವಾಗಿದೆ ಎಂದು ನನಗೆ ಅನ್ನಿಸಿಲ್ಲ. ಪ್ರತಿವರ್ಷ ಯಾರೋ ಒಬ್ಬ ಹುಡುಗಿಗೆ ಸಿಕ್ಕಿರಲೂಬಹುದು. ಆದರೆ ಅವಳ ಹೆಸರು ತಿಳಿದಿದ್ದರೆ, ಅಮ್ಮನ ತಿಥಿಯ ದಿನ ಮನೆಯಲ್ಲಿ ಅವಳ ಮಾತು ಬರುತ್ತಿತ್ತು. ನನಗೆ ಬೇಕಾಗಿದ್ದದ್ದು ಅಷ್ಟೇ. ವರ್ಷಕ್ಕೊಂದು ಅಂಚೆ ಕಾರ್ಡು.

ನಿವೃತ್ತ ಅಧೀಕ್ಷಕ, ವಿಶ್ವವಿದ್ಯಾಲಯವೊಂದರ ದತ್ತಿ ವಿಭಾಗ

ಅಮ್ಮಾ, ನಿಮ್ಮ ಪತ್ರ ಓದಿ ಮನಸ್ಸಿಗೆ ಬಹಳ ನೋವಾಯಿತು. ಅಂಥ ಪತ್ರಗಳನ್ನು ಬರೆಯುವ ಮೇಜಿನಲ್ಲಿ ನಾನು ಹನ್ನೆರಡು ವರ್ಷ ಕುಳಿತವನು. ಆ ಪತ್ರ ಏಕೆ ನಿಂತುಹೋಗುತ್ತದೆ ಎಂಬುದನ್ನು ಒಳಗಿನಿಂದ ಹೇಳಬಲ್ಲೆ.

ನಮ್ಮ ವಿಭಾಗದಲ್ಲಿ ನಾನು ಸೇರಿದಾಗ ನಾಲ್ವರಿದ್ದೆವು. ಘಟಿಕೋತ್ಸವ ಮುಗಿದ ಮರುತಿಂಗಳು ಪದಕ, ಬಹುಮಾನಗಳ ಪಟ್ಟಿ ಹಿಡಿದು ಪ್ರತಿ ದಾನಿಗೂ ಪತ್ರ ಬೆರಳಚ್ಚು ಮಾಡಿಸಿ ಕಳುಹಿಸುವುದು ವಾಡಿಕೆಯಾಗಿತ್ತು. ಒಬ್ಬರು ನಿವೃತ್ತರಾದರು, ಹುದ್ದೆ ತುಂಬಲಿಲ್ಲ. ಇನ್ನೊಬ್ಬರನ್ನು ಪರೀಕ್ಷಾ ವಿಭಾಗಕ್ಕೆ ಹಾಕಿದರು. ಕೊನೆಗೆ ನಾನೊಬ್ಬನೇ ಉಳಿದೆ. ಲೆಕ್ಕಪತ್ರ ತಪ್ಪಿದರೆ ಆಕ್ಷೇಪಣೆ ಬರುತ್ತದೆ, ಪತ್ರ ತಪ್ಪಿದರೆ ಯಾರೂ ಕೇಳುವುದಿಲ್ಲ. ಹೀಗಾಗಿ ಮೊದಲು ನಿಂತದ್ದು ಪತ್ರ. ದಾನಿಗಳ ವಿಳಾಸ ಬದಲಾದದ್ದೂ, ಅವರು ತೀರಿಕೊಂಡದ್ದೂ ಗೊತ್ತಾಗದೆ ಆ ದಪ್ಪ ವಹಿ ಹಳತಾಗುತ್ತ ಹೋಯಿತು. ಆ ವಿಷಯದಲ್ಲಿ ನನ್ನ ಪಾಲಿನ ತಪ್ಪೂ ಇದೆ. ಸಂಜೆ ಒಂದು ಗಂಟೆ ಹೆಚ್ಚು ಕುಳಿತಿದ್ದರೆ ವಾರಕ್ಕೆ ಇಪ್ಪತ್ತು ಪತ್ರ ಹೋಗುತ್ತಿತ್ತು.

ಇನ್ನು ದತ್ತಿಯ ಮೊತ್ತದ ವಿಷಯ. ಇದನ್ನು ಮೇಷ್ಟ್ರು ಈಗಲೇ ಯೋಚಿಸಬೇಕು. 1995ರಲ್ಲಿ ಒಬ್ಬರು ಚಿನ್ನದ ಪದಕಕ್ಕೆಂದು 25,000 ರೂಪಾಯಿ ಇಟ್ಟರು ಎಂದುಕೊಳ್ಳಿ. ಆಗ ಬ್ಯಾಂಕಿನ ಬಡ್ಡಿ ಶೇ. 12ರ ಆಸುಪಾಸು, ವರ್ಷಕ್ಕೆ 3,000 ರೂಪಾಯಿ ಬರುತ್ತಿತ್ತು. ಹತ್ತು ಗ್ರಾಂ ಚಿನ್ನ ಐದು ಸಾವಿರದ ಒಳಗೆ ಇತ್ತು. ಐದು ಗ್ರಾಮಿನ ಪದಕ ಮಾಡಿಸಿ ಇನ್ನೂ ಸ್ವಲ್ಪ ಉಳಿಯುತ್ತಿತ್ತು. 2024ರಲ್ಲಿ ಹತ್ತು ಗ್ರಾಂ ಚಿನ್ನ ಎಪ್ಪತ್ತು ಸಾವಿರ ದಾಟಿತು. ಬಡ್ಡಿ ಶೇ. 6.5 ಎಂದರೆ ಅದೇ ಠೇವಣಿಗೆ ಬರುವುದು 1,625 ರೂಪಾಯಿ. ಅದರಲ್ಲಿ ಕಾಲು ಗ್ರಾಂ ಚಿನ್ನವೂ ಬರುವುದಿಲ್ಲ. ಘಟಿಕೋತ್ಸವಗಳಲ್ಲಿ ಕೊರಳಿಗೆ ಬೀಳುವ ಎಷ್ಟೋ ಚಿನ್ನದ ಪದಕಗಳು ಚಿನ್ನದ ಲೇಪದ ಪದಕಗಳಾಗಿರುವುದು ಈ ಲೆಕ್ಕದಿಂದ. ಇದನ್ನು ದಾನಿಯ ಮನೆಯವರಿಗೆ ಸಕಾಲದಲ್ಲಿ ತಿಳಿಸಿದ್ದರೆ ಅನೇಕರು ಮೂಲಧನವನ್ನು ಹೆಚ್ಚಿಸುತ್ತಿದ್ದರು. ನಾನೇ ಒಮ್ಮೆ ಮೂವತ್ತು ಮನೆಗಳಿಗೆ ಬರೆದೆ. ಹನ್ನೊಂದು ಮನೆಯವರು ಹಣ ಕಳುಹಿಸಿದರು. ಅವರಲ್ಲಿ ಒಬ್ಬರು ದಾನಿಯ ಮರಿಮಗಳು.

ಆದ್ದರಿಂದ ದತ್ತಿಪತ್ರ ಬರೆಸುವಾಗಲೇ ಎರಡು ಮಾತು ಸೇರಿಸಿ. ಬಡ್ಡಿಯನ್ನೆಲ್ಲ ಹಂಚದೆ ಒಂದು ಭಾಗವನ್ನು ಮೂಲಧನಕ್ಕೆ ಕೂಡಿಸುತ್ತ ಹೋಗುವುದು. ಮತ್ತು ಷರತ್ತು ನಡೆಸಲಾಗದಂತಾದರೆ, ದಾನಿಯ ಉದ್ದೇಶಕ್ಕೆ ಹತ್ತಿರವಾದ ಬೇರೆ ಉಪಯೋಗಕ್ಕೆ ಬದಲಿಸುವ ಅಧಿಕಾರ ಯಾರಿಗೆ ಎಂಬುದು. "ಸಂಸ್ಕೃತ ಐಚ್ಛಿಕದಲ್ಲಿ ಪ್ರಥಮ ಬಂದ, ಇಂಥ ಹೋಬಳಿಯ ಹುಡುಗನಿಗೆ" ಎಂಬ ದತ್ತಿಗೆ ಇಪ್ಪತ್ತು ವರ್ಷ ಒಬ್ಬನೂ ಅರ್ಹನಾಗದೆ ಹಣ ಕೊಳೆತದ್ದನ್ನು ನಾನು ನೋಡಿದ್ದೇನೆ.

ಲೆಕ್ಕಪರಿಶೋಧಕ, ಹುಬ್ಬಳ್ಳಿ

ಅಧೀಕ್ಷಕರ ಸಲಹೆಗೆ ಒಂದು ಎಚ್ಚರಿಕೆ ಸೇರಿಸುತ್ತೇನೆ. ನೋಂದಾಯಿತ ಧರ್ಮಾರ್ಥ ಸಂಸ್ಥೆ ತನ್ನ ವರ್ಷದ ಆದಾಯದ ಶೇ. 85ನ್ನು ಉದ್ದೇಶಕ್ಕೆ ಖರ್ಚು ಮಾಡಬೇಕು. ಶೇ. 15ನ್ನು ಮಾತ್ರ ಯಾವ ಷರತ್ತೂ ಇಲ್ಲದೆ ಉಳಿಸಿಕೊಳ್ಳಬಹುದು. ಠೇವಣಿಯ ಬಡ್ಡಿಯೂ ಆದಾಯವೇ. ಈ ಲೆಕ್ಕ ಒಂದೊಂದು ದತ್ತಿಗೆ ಬೇರೆಬೇರೆಯಲ್ಲ, ಇಡೀ ಸಂಸ್ಥೆಗೆ ಒಟ್ಟಾಗಿ ಅನ್ವಯಿಸುತ್ತದೆ. ಆದ್ದರಿಂದ ಬಡ್ಡಿಯ ಮೂರನೆಯ ಒಂದು ಪಾಲು ಮೂಲಧನಕ್ಕೆ ಎಂದು ಬರೆಯುವ ಮುನ್ನ ನಿಮ್ಮ ಲೆಕ್ಕಪರಿಶೋಧಕರ ಮುಂದೆ ಇಡೀ ವರ್ಷದ ಆಯವ್ಯಯ ಇಟ್ಟು ನೋಡಿ.

ಅನಿವಾಸಿ ಹಳೆಯ ವಿದ್ಯಾರ್ಥಿ, ನ್ಯೂಜೆರ್ಸಿ

ನಾನು ಹಾಸನ ಜಿಲ್ಲೆಯವನು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷಗಳಾದವು. ಸ್ನಾತಕೋತ್ತರ ಪದವಿಯನ್ನು ಇಲ್ಲಿನ ಒಂದು ಸರ್ಕಾರಿ ವಿಶ್ವವಿದ್ಯಾಲಯದಲ್ಲಿ ಮಾಡಿದೆ. ಮೊದಲ ವರ್ಷ ಅವರಿಗೆ ನಾನು ಕೊಟ್ಟದ್ದು ಇಪ್ಪತ್ತೈದು ಡಾಲರು. ಅಂದಿನಿಂದ ಪ್ರತಿ ಶರತ್ಕಾಲದಲ್ಲಿ ಅಲ್ಲಿ ಓದುತ್ತಿರುವ ಒಬ್ಬ ವಿದ್ಯಾರ್ಥಿ ಸಂಜೆಯ ಹೊತ್ತು ಫೋನು ಮಾಡುತ್ತಾನೆ. ಒಮ್ಮೆ ಮಾಡಿದ ಹುಡುಗಿ ಎರಡನೆಯ ವರ್ಷದ ಸಿವಿಲ್ ಎಂಜಿನಿಯರಿಂಗಿನವಳು. ನಾನು ಪ್ರಯೋಗಾಲಯದಲ್ಲಿ ಕೆಲಸ ಮಾಡಿದ ಕಟ್ಟಡದ ಹೆಸರು ಹೇಳಿ, ಅದರ ಛಾವಣಿ ಈಗಲೂ ಸೋರುತ್ತದೆಯೇ ಎಂದು ಕೇಳಿದೆ. ನಕ್ಕು, ಹೌದು, ಮಳೆ ಬಂದಾಗ ಬಕೆಟ್ ಇಡುತ್ತೇವೆ ಎಂದಳು. ಆ ವರ್ಷ ನಾನು ನೂರು ಡಾಲರು ಕೊಟ್ಟೆ. ನನ್ನ ಕಂಪನಿ ಅಷ್ಟೇ ಮೊತ್ತವನ್ನು ತನ್ನ ಕಡೆಯಿಂದ ಸೇರಿಸಿತು. ನೌಕರ ಕೊಟ್ಟಷ್ಟನ್ನೇ ಕಂಪನಿಯೂ ಕೊಡುವ ಪದ್ಧತಿ ಇಲ್ಲಿ ಬಹಳ ಕಡೆ ಇದೆ.

ನಾನು ಓದಿದ ಹಾಸನದ ಕಾಲೇಜಿನಿಂದ ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಸಂದೇಶವೂ ಬಂದಿಲ್ಲ. ಅದು ನನ್ನನ್ನು ಬೆಳೆಸಿದ ಕಾಲೇಜು. ಕೇಳಿದ್ದರೆ ಸಂತೋಷದಿಂದ ಕೊಡುತ್ತಿದ್ದೆ.

ಆದರೆ ಹೊರದೇಶದವರನ್ನು ಕೇಳುವಾಗ ಕಾರ್ಯದರ್ಶಿಗಳು ಎಚ್ಚರವಾಗಿರಬೇಕು. ಭಾರತದ ಪಾಸ್‌ಪೋರ್ಟ್ ಇರುವ ನನ್ನಂಥವನು ಸ್ವಂತ ಉಳಿತಾಯದಿಂದ ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆಯಲ್ಲ. ನನ್ನ ಹೆಂಡತಿ ಅಮೆರಿಕದ ಪೌರತ್ವ ಪಡೆದಿದ್ದಾಳೆ. ಅವಳು ಕಳುಹಿಸಿದರೆ, ಭಾರತ ಮೂಲದ ವಿದೇಶಿ ಪೌರರಿಗೆ ಕೊಡುವ ಓಸಿಐ ಕಾರ್ಡ್ ಇದ್ದರೂ, ವಿದೇಶಿ ವಂತಿಗೆಯಾಗುತ್ತದೆ. ಅದನ್ನು ಪಡೆಯಲು ವಿದೇಶಿ ವಂತಿಗೆ ನಿಯಂತ್ರಣ ಕಾಯಿದೆಯಡಿ ಎಫ್‌ಸಿಆರ್‌ಎ ನೋಂದಣಿ ಅಥವಾ ಪೂರ್ವಾನುಮತಿ ಬೇಕು. ನೋಂದಣಿಗೆ ಸಂಸ್ಥೆಗೆ ಮೂರು ವರ್ಷ ತುಂಬಿ, ಆ ಅವಧಿಯಲ್ಲಿ ಕನಿಷ್ಠ 15 ಲಕ್ಷ ರೂಪಾಯಿ ತನ್ನ ಉದ್ದೇಶಕ್ಕೆ ಖರ್ಚಾಗಿರಬೇಕು. 2020ರ ತಿದ್ದುಪಡಿಯ ನಂತರ ಹಣ ಮೊದಲು ದೆಹಲಿಯ ಸ್ಟೇಟ್ ಬ್ಯಾಂಕ್ ಮುಖ್ಯ ಶಾಖೆಯ ಖಾತೆಗೇ ಬರಬೇಕು, ಅದನ್ನು ಬೇರೆ ಸಂಸ್ಥೆಗೆ ದಾಟಿಸುವಂತಿಲ್ಲ. ಒಂದೇ ವಾಟ್ಸ್ಆ್ಯಪ್ ಗುಂಪಿನಲ್ಲಿ ಎರಡೂ ಬಗೆಯವರು ಇರುತ್ತಾರೆ. ಅಲ್ಲಿಗೆ ಬ್ಯಾಂಕ್ ಖಾತೆಯ ಸಂಖ್ಯೆ ಹಾಕಿ ಸುಮ್ಮನಾದರೆ ತೊಂದರೆ ಬರುವುದು ನಿಮಗೇ. ಸದ್ಯಕ್ಕೆ ಭಾರತದ ಪೌರರಿಂದ ಮಾತ್ರ ಪಡೆಯುತ್ತೇವೆ ಎಂದು ಸ್ಪಷ್ಟವಾಗಿ ಬರೆದುಬಿಡಿ.

ಅಧ್ಯಾಪಕಿ, ಸರ್ಕಾರಿ ಪದವಿ ಕಾಲೇಜು, ಕಲಬುರಗಿ

ಇಲ್ಲಿಯವರೆಗಿನ ಚರ್ಚೆಯಿಂದ ಕಲಿತಿದ್ದೇನೆ. ಆದರೂ ಎರಡು ಆತಂಕಗಳಿವೆ.

ಮೊದಲನೆಯದು, ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನದಲ್ಲಿ ಹಳೆಯ ವಿದ್ಯಾರ್ಥಿಗಳ ಕೊಡುಗೆಗೆ ಅಂಕವಿದೆ. ಹೀಗಾಗಿ ತಂಡ ಬರುವ ಆರು ತಿಂಗಳ ಮುಂಚೆ ಸಂಘ ಹುಟ್ಟುತ್ತದೆ, ಒಂದು ಸಮಾವೇಶ ನಡೆಯುತ್ತದೆ, ಫೋಟೋಗಳು ಕಡತಕ್ಕೆ ಸೇರುತ್ತವೆ, ತಂಡ ಹೋದ ಮೇಲೆ ಸಂಘವೂ ಇಲ್ಲವಾಗುತ್ತದೆ. ಐದು ವರ್ಷಕ್ಕೊಮ್ಮೆ ನೆನೆಸಿಕೊಳ್ಳುವ ಕಾಲೇಜಿನ ಮೇಲೆ ಯಾರಿಗೆ ಅಭಿಮಾನ ಉಳಿಯುತ್ತದೆ?

ಎರಡನೆಯದು ಹೆಚ್ಚು ಗಂಭೀರವಾದದ್ದು. ದಾನಿಗೆ ವಿದ್ಯಾರ್ಥಿಯನ್ನು ತೋರಿಸಬೇಕು ಎಂಬ ಮಾತು ಇಲ್ಲಿ ಮತ್ತೆಮತ್ತೆ ಬಂದಿದೆ. ನನ್ನ ಅಜ್ಜ ವಾರಾನ್ನ ಉಂಡು ಓದಿದವರು. ಸೋಮವಾರ ಒಂದು ಮನೆ, ಮಂಗಳವಾರ ಮತ್ತೊಂದು. ಅನ್ನ ಹಾಕಿದ ತಾಯಂದಿರನ್ನು ಅವರು ಸಾಯುವವರೆಗೂ ಕೈಮುಗಿದು ನೆನೆಯುತ್ತಿದ್ದರು. ಆದರೆ ಬುಧವಾರದ ಮನೆಯ ಹೆಸರನ್ನು ಅವರು ಎಂದೂ ಹೇಳುತ್ತಿರಲಿಲ್ಲ. ಅಲ್ಲಿ ಬಂದ ನೆಂಟರಿಗೆಲ್ಲ "ಇವನು ನಮ್ಮ ಮನೆಯ ವಾರದ ಹುಡುಗ" ಎಂದು ಕರೆದು ತೋರಿಸುತ್ತಿದ್ದರಂತೆ. ಇಂದು ಅದೇ ಕೆಲಸವನ್ನು ಫೋಟೋ ಮತ್ತು ವಿಡಿಯೊ ಮಾಡುತ್ತಿವೆ. ಕಳೆದ ವರ್ಷ ನನ್ನ ವಿದ್ಯಾರ್ಥಿನಿಯೊಬ್ಬಳನ್ನು ವಿದ್ಯಾರ್ಥಿವೇತನ ಕೊಟ್ಟ ಸಂಸ್ಥೆಯೊಂದು ತಗಡಿನ ಮನೆಯ ಮುಂದೆ ನಿಲ್ಲಿಸಿ, ತಂದೆ ಕುಡಿಯುವ ವಿಷಯ ಹೇಳಿಸಿ ವಿಡಿಯೊ ಮಾಡಿತು. ಅದು ಅವಳ ಊರಿನವರ ಫೋನುಗಳಿಗೂ ಬಂದಿತು. ಅವಳು ಹದಿನೈದು ದಿನ ತರಗತಿಗೆ ಬರಲಿಲ್ಲ. ಹದಿನೆಂಟು ತುಂಬದವರ ವೈಯಕ್ತಿಕ ಮಾಹಿತಿ ಬಳಸಲು ತಂದೆತಾಯಿಯರ ಒಪ್ಪಿಗೆ ಬೇಕೆಂದು 2023ರ ದತ್ತಾಂಶ ಸಂರಕ್ಷಣಾ ಕಾಯಿದೆ ಹೇಳುತ್ತದೆ. ಪಿಯುಸಿ ಮಕ್ಕಳಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. ಆದರೆ ಕಾನೂನಿಗಿಂತ ಮೊದಲು, ಹಣ ಪಡೆಯಲು ತನ್ನ ಬಡತನವನ್ನು ಹರಡಿ ತೋರಿಸಬೇಕಾದ ಸ್ಥಿತಿ ಯಾವ ಮಗುವಿಗೂ ಬರಬಾರದು.

ನಿಧಿಸಂಗ್ರಹಣಾಧಿಕಾರಿ, ಬೆಂಗಳೂರು

ಮೇಡಂ, ನೀವು ಹೇಳಿದ್ದನ್ನು ಪೂರ್ತಿಯಾಗಿ ಒಪ್ಪುತ್ತೇನೆ. ಅಂಥ ವಿಡಿಯೊಗಳನ್ನು ನಾನೂ ನನ್ನ ಮೊದಲ ವರ್ಷಗಳಲ್ಲಿ ಮಾಡಿಸಿದ್ದೇನೆ. ಅವು ಆ ವಾರಕ್ಕೆ ಹಣ ತಂದವು ನಿಜ, ಆದರೆ ಮರುಕದಿಂದ ಕೊಟ್ಟವರಲ್ಲಿ ಮರುವರ್ಷವೂ ಕೊಟ್ಟವರು ನನ್ನ ಅನುಭವದಲ್ಲಿ ಬಹಳ ಕಡಿಮೆ.

ಈಗ ನಾವು ಅನುಸರಿಸುವ ಕ್ರಮ ಹೀಗಿದೆ. ವಿದ್ಯಾರ್ಥಿವೇತನದ ನಿರ್ಧಾರಕ್ಕೂ ಪತ್ರಕ್ಕೂ ಸಂಬಂಧ ಇರುವುದಿಲ್ಲ. ಹಣ ಕೈಸೇರಿದ ಆರು ತಿಂಗಳ ನಂತರ, ಇಷ್ಟವಿದ್ದವರು ಮಾತ್ರ, ತಾವು ಓದುತ್ತಿರುವ ವಿಷಯದ ಬಗ್ಗೆ ಅರ್ಧ ಪುಟ ಬರೆಯುತ್ತಾರೆ. ಮನೆಯ ಕಷ್ಟದ ಬಗ್ಗೆ ಬರೆಯಬೇಡಿ ಎಂದು ನಾವೇ ಹೇಳುತ್ತೇವೆ. ಕಳೆದ ಸಲ ಒಬ್ಬ ಹುಡುಗ ಮಣ್ಣಿನ ಪರೀಕ್ಷೆ ಹೇಗೆ ಮಾಡುತ್ತಾರೆಂದು ಬರೆದಿದ್ದ. ಅದನ್ನು ಓದಿದ ಒಬ್ಬ ದಾನಿ, ಅವರು ರೈತರು, ತಮ್ಮ ಹೊಲದ ಮಣ್ಣನ್ನು ಪೊಟ್ಟಣ ಕಟ್ಟಿ ಅವನಿಗೆ ಕಳುಹಿಸಿದರು. ಅವನು ಪರೀಕ್ಷೆ ಮಾಡಿ ವರದಿ ಕೊಟ್ಟ. ಬರೆಯಲು ಇಷ್ಟಪಡದವರ ಪರವಾಗಿ ನಾವೇ, ಹೆಸರಿಲ್ಲದೆ, ಹಣ ಯಾವ ಕೋರ್ಸಿಗೆ, ಯಾವ ವರ್ಷಕ್ಕೆ ಹೋಯಿತೆಂದು ತಿಳಿಸುತ್ತೇವೆ. ಶಿವಮೊಗ್ಗದವರು ಬಯಸಿದ ಅಂಚೆ ಕಾರ್ಡಿಗೆ ಇಷ್ಟು ಸಾಕು ಎಂದು ನನ್ನ ನಂಬಿಕೆ.

ಪ್ರತಿ ತಿಂಗಳು ಸ್ವಲ್ಪ ಕೊಡುವವರ ಬಗ್ಗೆಯೂ ಒಂದು ಮಾತು. 2020ರಿಂದ ಯುಪಿಐ ಆಟೋಪೇ ಇದೆ. ದಾನಿ ಒಮ್ಮೆ ಒಪ್ಪಿದರೆ ತಿಂಗಳಿಗೆ ಇನ್ನೂರೋ ಐನೂರೋ ತಾನಾಗಿ ಬರುತ್ತದೆ. ಆದರೆ ಇದನ್ನು ಇಟ್ಟು ಮರೆಯುವಂತಿಲ್ಲ. 2021ರ ಅಕ್ಟೋಬರಿನಲ್ಲಿ, ತಾನಾಗಿ ಹಣ ಕಡಿತವಾಗುವುದರ ಬಗ್ಗೆ ರಿಸರ್ವ್ ಬ್ಯಾಂಕಿನ ಹೊಸ ನಿಯಮ ಜಾರಿಗೆ ಬಂದಾಗ ಕಾರ್ಡುಗಳಿಂದ ಬರುತ್ತಿದ್ದ ನಮ್ಮ ಮಾಸಿಕ ದೇಣಿಗೆಗಳಲ್ಲಿ ಬಹುಪಾಲು ಒಂದೇ ತಿಂಗಳಲ್ಲಿ ನಿಂತವು. ನಾವು ಫೋನಿನಲ್ಲಿ ಮಾತನಾಡಿ ಪರಿಚಯ ಉಳಿಸಿಕೊಂಡಿದ್ದವರೆಲ್ಲ ಮತ್ತೆ ನೋಂದಾಯಿಸಿಕೊಂಡರು. ಬರೀ ಇಮೇಲಿನಲ್ಲಿ ಇದ್ದವರು ಬರಲಿಲ್ಲ. ಸೇವಾಸಂಸ್ಥೆಗಳು ಷೇರುಪೇಟೆಯ ಮೂಲಕ ಹಣ ಎತ್ತುವ ಸೋಶಿಯಲ್ ಸ್ಟಾಕ್ ಎಕ್ಸ್‌ಚೇಂಜ್ ಬಗ್ಗೆಯೂ ಈಗ ಮಾತು ಕೇಳುತ್ತೀರಿ. ಬೆಂಗಳೂರಿನ ಉನ್ನತಿ ಫೌಂಡೇಶನ್ 2023ರ ಡಿಸೆಂಬರಿನಲ್ಲಿ ಅಲ್ಲಿ ಮೊದಲು ಪಟ್ಟಿಯಾಯಿತು. ವರ್ಷಕ್ಕೆ ಕನಿಷ್ಠ 50 ಲಕ್ಷ ಖರ್ಚು ಮಾಡುವ ಸಂಸ್ಥೆಗಳಿಗೆ ಅದು. ನಿಮಗೆ ಸದ್ಯಕ್ಕೆ ಬೇಡ.

ಕಾರ್ಯದರ್ಶಿ, ಹಳೆಯ ವಿದ್ಯಾರ್ಥಿಗಳ ಸಂಘ, ತುಮಕೂರು ಜಿಲ್ಲೆ

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಎಲ್ಲರಿಗೂ ವಂದನೆಗಳು.

ಅರವತ್ತೊಂದು ಜನರಲ್ಲಿ ಐವತ್ತೆಂಟು ಜನರೊಡನೆ ಮಾತನಾಡಿದೆ. ನಾಲ್ಕು ಜನರ ಹೆಸರು ನಮಗೆ ಗೊತ್ತೇ ಇರಲಿಲ್ಲ, ಬ್ಯಾಂಕಿನ ಮ್ಯಾನೇಜರ ಸಹಾಯದಿಂದ ಅವರಿಗೆ ಸುದ್ದಿ ಮುಟ್ಟಿಸಿ, ಅವರಾಗಿ ಕರೆ ಮಾಡಿದ ಮೇಲೆ ರಸೀದಿ ಕಳುಹಿಸಿದೆ. ಹೆಚ್ಚಿನವರು ಮೊದಲು ಕೇಳಿದ್ದು "ಮತ್ತೆ ಏನು ಕೊಡಬೇಕು ಸಾರ್?" ಎಂದು. ಏನೂ ಬೇಡ, ಥ್ಯಾಂಕ್ಸ್ ಹೇಳಲು ಮಾಡಿದೆ ಎಂದಾಗ ಸ್ವಲ್ಪ ಹೊತ್ತು ಮಾತೇ ಬರುತ್ತಿರಲಿಲ್ಲ. ಆಮೇಲೆ ಅರ್ಧ ಗಂಟೆ ಬಿಡುತ್ತಿರಲಿಲ್ಲ. ಅವರಲ್ಲಿ ಒಂಬತ್ತು ಜನ ತಮ್ಮ ಬ್ಯಾಚಿನವರೊಡನೆ ಮಾತನಾಡುವ ಹೊಣೆಯನ್ನು ತಾವಾಗಿಯೇ ವಹಿಸಿಕೊಂಡಿದ್ದಾರೆ.

ವಿದ್ಯಾರ್ಥಿನಿಲಯವನ್ನು ಸದ್ಯಕ್ಕೆ ಮುಂದಕ್ಕೆ ಹಾಕಿದ್ದೇವೆ. ಇರುವ ಹಣದಲ್ಲಿ ಈ ವರ್ಷ ಆರು ಹುಡುಗಿಯರ ಬಸ್ ಪಾಸ್, ಪುಸ್ತಕ ಮತ್ತು ಪರೀಕ್ಷಾ ಶುಲ್ಕ ಭರಿಸಿ, ಅದರ ಲೆಕ್ಕವನ್ನು ಅರವತ್ತೊಂದು ಜನರಿಗೂ ಕಾಗದದ ಮೇಲೆ ಕಳುಹಿಸುತ್ತೇವೆ. ಹೆಸರು, ಫೋಟೋ ಇರುವುದಿಲ್ಲ. ದತ್ತಿಪತ್ರದ ಕರಡನ್ನು ಅಧೀಕ್ಷಕರು ಹೇಳಿದಂತೆ ಬರೆದು ನಮ್ಮ ಲೆಕ್ಕಪರಿಶೋಧಕರಿಗೆ ಕೊಟ್ಟಿದ್ದೇನೆ.

ಹಳೆಯ ಕೌಂಟರ್‌ಫಾಯಿಲುಗಳ ವಿಷಯದಲ್ಲಿ ಒಂದು ಘಟನೆ. ರಾಗಿ ಚೀಲ ಕೊಟ್ಟವರ ಊರು ನಮ್ಮಿಂದ ಏಳು ಕಿಲೋಮೀಟರ್. ಆ ಮನೆಗೆ ಕೌಂಟರ್‌ಫಾಯಿಲಿನ ಜೆರಾಕ್ಸ್ ಪ್ರತಿ ತೆಗೆದುಕೊಂಡು ಹೋದೆ. ಅವರ ಮಗ, ಈಗ ಎಪ್ಪತ್ತರ ಹತ್ತಿರ, ಅದನ್ನು ಕನ್ನಡಕ ಹಾಕಿಕೊಂಡು ಓದಿ, ಒಳಗೆ ಹೋಗಿ ಸೊಸೆಯನ್ನು ಕರೆದು ತೋರಿಸಿದರು. ಅಪ್ಪ ಕಾಲೇಜಿಗೆ ರಾಗಿ ಕೊಟ್ಟದ್ದು ಅವರಿಗೆ ತಿಳಿದೇ ಇರಲಿಲ್ಲ. ಆ ಸೊಸೆ ನಮ್ಮ ಕಾಲೇಜಿನ 2006ರ ಬಿ.ಕಾಂ. ವಿದ್ಯಾರ್ಥಿನಿ.

ಇಂಥ ಎಂಟುನೂರಕ್ಕೂ ಹೆಚ್ಚು ಕೌಂಟರ್‌ಫಾಯಿಲುಗಳು ಉಳಿದಿವೆ, ಹಲವನ್ನು ಗೆದ್ದಲು ತಿಂದಿದೆ. ಕಾಗದ ಪುಡಿಯಾಗದಂತೆ ಅವನ್ನು ಸ್ಕ್ಯಾನ್ ಮಾಡಿಸುವ ಕ್ರಮ ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ತಿಳಿಸಿ.

ನಿವೃತ್ತ ಅಧೀಕ್ಷಕ, ವಿಶ್ವವಿದ್ಯಾಲಯವೊಂದರ ದತ್ತಿ ವಿಭಾಗ

ಮೇಷ್ಟ್ರೇ, ಪುಟಗಳನ್ನು ಬಿಚ್ಚಬೇಡಿ, ರೋಲರಿನಲ್ಲಿ ಎಳೆದುಕೊಳ್ಳುವ ಯಂತ್ರಕ್ಕೂ ಕೊಡಬೇಡಿ. ಪುಸ್ತಕವನ್ನು ಮೇಜಿನ ಮೇಲೆ ಹಾಗೆಯೇ ತೆರೆದಿಟ್ಟು, ಕಿಟಕಿಯ ಬೆಳಕಿನಲ್ಲಿ ಮೇಲಿನಿಂದ ಒಂದೊಂದೇ ಪುಟದ ಫೋಟೋ ತೆಗೆಯುವುದು ಕ್ಷೇಮ. ಗೆದ್ದಲು ಹಿಡಿದ ಪುಸ್ತಕಗಳನ್ನು ಉಳಿದವುಗಳಿಂದ ಇಂದೇ ಬೇರೆ ಇಡಿ. ನನಗೆ ಈಗ ಬಿಡುವಿದೆ. ನೀವು ಒಪ್ಪಿದರೆ ಬರುವ ಭಾನುವಾರ ಬೆಳಗಿನ ರೈಲಿಗೆ ಬರುತ್ತೇನೆ, ಹೆಸರುಗಳನ್ನು ವಹಿಗೆ ಏರಿಸುವ ಕೆಲಸ ನನಗಿರಲಿ.